ಕಲ್ಲು ನೆಕ್ಕುವ ನನ್ನಣ್ಣ

ನನ್ನ ಅಣ್ಣ ಸಾರಿಗೆ ಉಪ್ಪು ಹಾಕಲು ಮರೆತರೂ ಗೊತ್ತಾಗದೆ ಉಂಡು ಏಳುವವನು. ಆದರೆ ಕಲ್ಲಿನ ರುಚಿಯ ವಿಷಯಕ್ಕೆ ಬಂದರೆ ಕಾರವಾರದಿಂದ ಅಂಕೋಲೆಯವರೆಗೆ ಅವನ ನಾಲಿಗೆಗೆ ಸಮನಾದ ನಾಲಿಗೆ ಇನ್ನೊಂದಿಲ್ಲ! ನಗಬೇಡಿ. ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ದಾರಿಯಲ್ಲಿ ಬಿದ್ದ ಕಲ್ಲನ್ನು ಎತ್ತುತ್ತಾನೆ, ಅಂಗಿಯ ತುದಿಗೆ ಉಜ್ಜುತ್ತಾನೆ, ಸುತ್ತ ಯಾರಿದ್ದಾರೆಂದು ಸಹ ನೋಡದೆ ಸರ್ರನೆ ಒಮ್ಮೆ ನೆಕ್ಕುತ್ತಾನೆ. ಆಮೇಲೆ ಕಿಸೆಯಿಂದ ಭೂತಗನ್ನಡಿ ತೆಗೆದು, ಒಂದು ಕಣ್ಣು ಮುಚ್ಚಿ, ಕಲ್ಲನ್ನು ಮೂಗಿನ ಹತ್ತಿರ ಹಿಡಿದು ನಿಲ್ಲುತ್ತಾನೆ. ಬಸ್ಸು ಬಂದು, ನಿಂತು, ಹೋಗಿಯೂ ಬಿಡುತ್ತದೆ.

ಯಾಕೆ ಹೀಗೆ ಮಾನ ಕಳೆಯುತ್ತೀ ಎಂದು ಒಮ್ಮೆ ಕೇಳಿದ್ದೆ. ಒಣಗಿದ ಕಲ್ಲೆಲ್ಲ ಒಂದೇ ಬೂದು ಬಣ್ಣವಂತೆ. ಒದ್ದೆಯಾದಾಗಲೇ ಅದರ ಒಳಗಿನ ಕಾಳು, ಗೆರೆ, ನಿಜವಾದ ಬಣ್ಣ ಎದ್ದು ಕಾಣುವುದಂತೆ. ಹಾಗಾದರೆ ಒಂದು ಬಾಟಲಿ ನೀರು ಇಟ್ಟುಕೊಳ್ಳಬಾರದೇ ಅಂದೆ.

"ಗುಡ್ಡ ಹತ್ತುವಾಗ ನೀರು ಹೊತ್ಕೊಂಡು ಯಾರು ಹೋಗ್ತಾರೆ ತಂಗಿ? ನಾಲಿಗೆ ಆದ್ರೆ ಒಟ್ಟಿಗೇ ಬರ್ತದೆ" ಅಂದ.

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳಿಗೆ ಹೂವು, ಹಕ್ಕಿ, ತೆಂಗಿನ ಮರ ಬಿಡಿಸಲು ಕಲಿಸಬೇಕಾದವನು ಹಲಗೆಯ ತುಂಬ ಕಲ್ಲು ಬಿಡಿಸುತ್ತಾನೆ. ಪರೀಕ್ಷೆಗೆ 'ಸೂರ್ಯೋದಯದ ದೃಶ್ಯ' ಕೊಟ್ಟರೆ ಅವನ ಶಿಷ್ಯರು ಸೂರ್ಯನನ್ನು ಉದ್ದಿನ ಕಾಳಿನಷ್ಟು ಮಾಡಿ ಮೂಲೆಗೆ ತಳ್ಳಿ, ಮುಂದಿನ ಬಂಡೆಯನ್ನು ಮಾತ್ರ ಬಿರುಕು ಸಮೇತ ಬಿಡಿಸುತ್ತಾರೆ. ಆ ಬಂಡೆಗೆ ಪೂರ್ತಿ ಮಾರ್ಕು!

ಮೊದಲು ಅವನು ಕಾರವಾರದ ಹಬ್ಬುವಾಡದಲ್ಲಿ ಒಂದು ಮಾಳಿಗೆಯ ರೂಮಿನಲ್ಲಿದ್ದ. ಮದುವೆ ಇಲ್ಲ, ಮಕ್ಕಳಿಲ್ಲ, ಬರೇ ಕಲ್ಲು. ಮಂಚದ ಕೆಳಗೆ ಕಲ್ಲು, ಕಿಟಕಿಯಲ್ಲಿ ಕಲ್ಲು, ಹಾಸಿಗೆಯ ಅರ್ಧ ಭಾಗದಲ್ಲೂ ಕಲ್ಲು. ಒಂದು ದಿನ ಕೆಳಗಿನ ಮನೆಯ ಛಾವಣಿಯಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡಿತು. ಮನೆ ಮಾಲಕರು ಮೇಲೆ ಬಂದು, ಬಾಗಿಲಲ್ಲೇ ನಿಂತು, ಒಳಗೆ ಕಾಲಿಡಲು ಜಾಗ ಹುಡುಕಿ, ಸಿಗದೆ, ಕೈ ಮುಗಿದರಂತೆ. "ಮಾಸ್ತರೇ, ನಾ ರೂಮು ಕೊಟ್ಟದ್ದು ನಿಮಗೆ. ಗುಡ್ಡಕ್ಕೆ ಕೊಡಲಿಲ್ಲ."

ಹೀಗೆ ನನ್ನಣ್ಣ ನಮ್ಮ ಮನೆಗೆ ಬಂದ. ನಮ್ಮ ಮನೆಯೆಂದರೆ ಅಂಕೋಲೆಯಿಂದ ಬೆಳಂಬಾರಕ್ಕೆ ಹೋಗುವ ರಸ್ತೆಯ ಬದಿಗೆ, ಗದ್ದೆಯ ದಂಡೆಗೆ ಇರುವ ಹಂಚಿನ ಮನೆ. ಅಣ್ಣನ ಬಟ್ಟೆಬರೆಯೆಲ್ಲ ಒಂದು ಚೀಲದಲ್ಲಿತ್ತು. ಉಳಿದದ್ದು ಟೆಂಪೋದಲ್ಲಿತ್ತು. ಟೆಂಪೋ ನೋಡಿ ನಮ್ಮ ಮನೆಯವರು, "ಭಾವನಿಗೆ ಇಷ್ಟೊಂದು ಸಾಮಾನು ಅದೆ ಅಂತ ಗೊತ್ತಿರಲಿಲ್ಲ" ಎಂದು ಪಾಪ ಪ್ರೀತಿಯಿಂದ ಇಳಿಸಲು ಹೋದರು. ಮೊದಲ ಗೋಣಿ ಎತ್ತಿದವರು ಹಾಗೇ ಬಗ್ಗಿ ನಿಂತರು. ಸಂಜೆಯವರೆಗೆ ನೆಟ್ಟಗಾಗಲಿಲ್ಲ.

ಅಣ್ಣ ಅಂಗಳದಲ್ಲಿ ಕಲ್ಲುಗಳನ್ನು ಮೂರು ರಾಶಿ ಮಾಡಿದ. ಲೋಕದ ಕಲ್ಲೆಲ್ಲ ಹುಟ್ಟುವುದು ಮೂರೇ ಬಗೆಯಲ್ಲಿ ಎಂದು ಅವನ ಲೆಕ್ಕ. ಲೆಕ್ಕ ಅವನದಲ್ಲ, ವಿಜ್ಞಾನದ್ದಂತೆ, ಇರಲಿ. ಅಡಿಗೆಮನೆಯ ಬಾಗಿಲಿಗೆ ಕೂತು ನಾನು ಕಾಯಿ ತುರಿಯುವಾಗ ಅವನ ಪಾಠ ಶುರುವಾಗುತ್ತಿತ್ತು. ಭೂಮಿಯ ಒಳಗೆ ಕುದಿಯುವ ಪಾಕ ಅದೆ, ಅದು ಆರಿ ಗಟ್ಟಿಯಾದರೆ ಅಗ್ನಿಶಿಲೆ. ಒಳಗೇ ನಿಧಾನವಾಗಿ ಆರಿದರೆ ದೊಡ್ಡ ದೊಡ್ಡ ಕಾಳು, ಮೇಲೆ ಬಂದು ಬೇಗ ಆರಿದರೆ ನುಣ್ಣಗೆ. ಇಷ್ಟು ಕೇಳಿದ ಮೇಲೆ ನನಗೆ ಕಲ್ಲುಸಕ್ಕರೆ ನೆನಪಾಗದೆ ಇರುತ್ತದೆಯೇ? ಎರಡನೆಯದು ಜಲಜ ಶಿಲೆ. ಹೊಳೆ ತಂದ ಮರಳು, ಕೆಸರು ನೀರಿನಡಿ ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿ ಕಲ್ಲಾದದ್ದು. ಅಂದರೆ ಪತ್ರೊಡೆ. ಕೆಸುವಿನ ಎಲೆ, ಅದರ ಮೇಲೆ ಹಿಟ್ಟು, ಮತ್ತೆ ಎಲೆ, ಮತ್ತೆ ಹಿಟ್ಟು. ಮೂರನೆಯದು ರೂಪಾಂತರ ಶಿಲೆ. ಇದ್ದ ಕಲ್ಲೇ ಕಾವು, ಒತ್ತಡ ತಡೆದುಕೊಂಡು, ಕರಗದೆ, ಬೇರೆಯೇ ಕಲ್ಲಾಗುವುದು.

"ಕರಗದೆ ಬೇರೆ ಆಗೂದು ಅಂದ್ರೆ ಹ್ಯಾಂಗೆ?" ಅಂದೆ.

ಅವನು ತಲೆ ಕೆರೆದುಕೊಂಡ. ನಾನೇ ಹೇಳಿದೆ: ಭತ್ತ ನೆನೆಸಿ, ಹುರಿದು, ಒನಕೆಯಲ್ಲಿ ಕುಟ್ಟಿದರೆ ಅವಲಕ್ಕಿ ಆಗುವುದಿಲ್ಲವೇ, ಗಂಜಿಯಾಗುವುದಿಲ್ಲವಲ್ಲ, ಹಾಗೆಯೋ? ಅಣ್ಣ ಎದ್ದು ನಿಂತುಬಿಟ್ಟ. ಮರುದಿನದಿಂದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪಿರಿಯಡ್ಡಿನಲ್ಲಿ ಅವಲಕ್ಕಿಯ ಪಾಠ ನಡೆಯಿತಂತೆ.

ಕಲ್ಲಿಗೆ ಮಾತ್ರ ಈ ವಿಂಗಡಣೆ ಇದ್ದಿದ್ದರೆ ಸುಖವಿತ್ತು. ಅವನು ಮನುಷ್ಯರನ್ನೂ ಬಿಡಲಿಲ್ಲ. ನಮ್ಮ ಮನೆಯವರು ಜಲಜ ಶಿಲೆ. ಸೊಸೈಟಿಯಲ್ಲಿ ಕೆಲಸ ಮಾಡುವವರು ಅವರು, ದಿನಾ ಒಂದು ಪದರ ಸಿಟ್ಟು ಹೊತ್ತು ತಂದು ಮನೆಯಲ್ಲಿ ಇಳಿಸುತ್ತಾರಂತೆ. ನಾನು ಅಗ್ನಿಶಿಲೆ, ಅದರಲ್ಲೂ ಬೇಗ ಆರಿದ ಜಾತಿ. "ನೀನು ಯಾವುದು?" ಎಂದು ನಮ್ಮ ಮನೆಯವರು ಕೇಳಿದರೆ, ತಾನು ಚಿರೆಕಲ್ಲು ಅಂದ. ಮಳೆ ಬಂದು ಬಂದು ಬೇರೆ ಎಲ್ಲವನ್ನೂ ತೊಳೆದುಕೊಂಡು ಹೋದ ಮೇಲೆ ಕೊನೆಗೆ ಉಳಿಯುವ ಕೆಂಪು ಕಲ್ಲು. ಮೂರು ರಾಶಿಯಲ್ಲಿ ಯಾವುದಕ್ಕೂ ಸರಿಯಾಗಿ ಸೇರುವುದಿಲ್ಲವಂತೆ. "ಅದಕ್ಕೇ ಇವನಿಗೆ ಜಾತಕ ಕೂಡಿ ಬರಲಿಲ್ಲ" ಎಂದು ನಮ್ಮ ಮನೆಯವರು ನಕ್ಕರು. ಅಣ್ಣನೂ ನಕ್ಕ. ಅವನಿಗೆ ಮದುವೆಯ ಚೇಷ್ಟೆಯಿಂದ ನೋವಾಗುವುದಿಲ್ಲ. ಚಿರೆಕಲ್ಲಿಗೆ ಬೈದರೆ ಆಗುತ್ತದೆ.

ಅವನ ಪರೀಕ್ಷೆಗಳ ಕತೆ ಹೇಳಹೊರಟರೆ ನನ್ನ ಅನ್ನ ಸೀದುಹೋಗುತ್ತದೆ. ಬೆಣಚುಕಲ್ಲು ಗಾಜನ್ನು ಕೊರೆಯುತ್ತದೆ ಎಂದು ತೋರಿಸಲು ನಮ್ಮ ಮನೆಯವರ ದಾಡಿ ಕನ್ನಡಿಯ ಮೇಲೆ ಗೀಚಿದ. ಅಂದಿನಿಂದ ನಮ್ಮ ಮನೆಯವರು ಕನ್ನಡಿಯಲ್ಲಿ ನೋಡಿಕೊಂಡಾಗಲೆಲ್ಲ ಕೆನ್ನೆಯ ಮೇಲೆ ಗಾಯವಾಯಿತೆಂದು ಬೆಚ್ಚಿ ಕೈ ಇಟ್ಟು ನೋಡುತ್ತಾರೆ. ಇನ್ನೊಮ್ಮೆ ನಮ್ಮ ನಂಟರೊಬ್ಬರ ಹೊಸ ಮನೆಯ ಒಕ್ಕಲು. ನೆಲಕ್ಕೆ ಬಿಳಿ ಅಮೃತಶಿಲೆ ಹಾಸಿದ್ದರು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನನ್ನಣ್ಣ ಊಟದ ಎಲೆಯಿಂದ ನಿಂಬೆಹೋಳು ಎತ್ತಿಕೊಂಡು ಎದ್ದ. ನಾನು ಕಣ್ಣಿನಲ್ಲೇ ಬೇಡ ಬೇಡ ಅಂದೆ. ಎಲ್ಲಿ ನೋಡುತ್ತಾನೆ? ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಳೆಯಿಂದ ಒಂದಿಷ್ಟು ಕೆರೆದು, ನಿಂಬೆ ಹಿಂಡಿ, ಭೂತಗನ್ನಡಿ ಹಿಡಿದ. ಸಣ್ಣ ಸಣ್ಣ ಗುಳ್ಳೆ ಎದ್ದವು. "ಅಪ್ಪಟ ಅಮೃತಶಿಲೆ. ಅಂಗಡಿಯವ ನಿಮಗೆ ಮೋಸ ಮಾಡಲಿಲ್ಲ" ಎಂದು ಮನೆಯ ಯಜಮಾನರನ್ನು ಅಭಿನಂದಿಸಿದ. ಆ ಜಾಗ ಮಂಕಾಗಿ ಬಿಳಿಚಿಕೊಂಡಿತು. ಈಗ ಅಲ್ಲಿ ಒಂದು ತುಳಸಿ ಕುಂಡ ಇಟ್ಟಿದ್ದಾರೆ. ಮನೆಯೊಳಗೆ ತುಳಸಿ ಯಾಕೆ ಎಂದು ಯಾರಾದರೂ ಕೇಳಿದರೆ ನನ್ನ ಕಡೆ ನೋಡುತ್ತಾರೆ.

ಇಷ್ಟಾದರೂ ನಾನು ಅವನನ್ನು ಸಹಿಸಿಕೊಂಡಿದ್ದೆ. ಸಹಿಸಿಕೊಂಡಿದ್ದೆ ಎಂದು ಹೇಳಿಕೊಳ್ಳುವಾಗಲೇ ನೋಡಿ ನನ್ನ ದೊಡ್ಡಸ್ತಿಕೆ! ನಾನು ಮಾಡಿದ್ದನ್ನು ಕೇಳಿದ ಮೇಲೆ ಯಾರು ಯಾರನ್ನು ಸಹಿಸಿದರೆಂದು ನೀವೇ ಹೇಳಿ.

ಕಳೆದ ಬೇಸಿಗೆಯಲ್ಲಿ ಅಣ್ಣ ಬಿದ್ದ. ಹೆದ್ದಾರಿ ಅಗಲ ಮಾಡಲು ಗುಡ್ಡ ಕೊರೆದ ಜಾಗಗಳೆಂದರೆ ಅವನಿಗೆ ಮದುವೆ ಮನೆಯ ಪಂಕ್ತಿ ಇದ್ದ ಹಾಗೆ. ಗುಡ್ಡದ ಹೊಟ್ಟೆಯೊಳಗಿನ ಕಲ್ಲು ತಾಜಾ ಕಾಣಿಸುತ್ತದಂತೆ. ಜಲ್ಲಿಯ ಮೇಲೆ ಕಾಲು ಜಾರಿ ಉರುಳಿದ, ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಎತ್ತಿ ರಿಕ್ಷಾಕ್ಕೆ ಹಾಕಿದವರು ಹೇಳಿದರು, ಅಷ್ಟು ನೋವಿನಲ್ಲೂ ಕೈಯಲ್ಲಿದ್ದ ಕಲ್ಲನ್ನು ಬಿಡಲಿಲ್ಲವಂತೆ. ಕಾರವಾರದ ಆಸ್ಪತ್ರೆಯಲ್ಲಿ ಡಾಕ್ಟರರು ಎಕ್ಸ್‌ರೇ ಹಿಡಿದು ತೋರಿಸಿದರೆ ಇವನ ಕಣ್ಣು ಅರಳಿತು. ಭೂಮಿ ಬಿರಿದು ಒಂದು ಬದಿ ಜಾರುವುದಕ್ಕೆ ಸ್ತರಭಂಗ ಅನ್ನುತ್ತಾರೆ, ಇದು ಥೇಟ್ ಹಾಗೇ ಅದೆ ಎಂದು ಡಾಕ್ಟರರಿಗೇ ವಿವರಿಸಿದ. ಅವರು ನನ್ನನ್ನು ಹೊರಗೆ ಕರೆದು, ಬೀಳುವಾಗ ತಲೆಗೂ ಪೆಟ್ಟಾಗಿದೆಯೇ ಎಂದು ಕೇಳಿದರು. ಇಲ್ಲ, ಇದು ಮೊದಲಿನದ್ದೇ ಅಂದೆ.

ಕಾಲಿಗೆ ರಾಡು ಹಾಕಿದರು. ಆಗಾಗ ತೋರಿಸಬೇಕಾದ್ದರಿಂದ ಅವನು ಹಬ್ಬುವಾಡದಲ್ಲೇ ಜೊತೆಯ ಮಾಸ್ತರರೊಬ್ಬರ ಮನೆಯಲ್ಲಿ ಉಳಿದ. ಒಂದು ಕಲ್ಲನ್ನೂ ಒಳಗೆ ತರಬಾರದೆಂಬ ಕರಾರಿನ ಮೇಲೆ.

ಆಗ ನನಗೊಂದು ಒಳ್ಳೆಯ ಬುದ್ಧಿ ಬಂತು. ನನ್ನ ಕೆಟ್ಟ ಕೆಲಸಗಳೆಲ್ಲ ಒಳ್ಳೆಯ ಬುದ್ಧಿಯಿಂದಲೇ ಶುರುವಾಗುವುದು. ಅಣ್ಣ ಇಷ್ಟು ದಿನ ಜಗಲಿಯ ಮೇಲೆ ಮಲಗುತ್ತಿದ್ದ. ಅವನು ಬರುವುದರೊಳಗೆ ಅವನಿಗೊಂದು ಕೋಣೆ ಕಟ್ಟಿಸಿಬಿಡುವುದು! ನಮ್ಮ ಮನೆಯವರೂ ಒಪ್ಪಿದರು. ಗೌಂಡಿ ಬಂದ, ಪಾಯ ತೋಡಿದ. ತೋಡಿದ ಮೇಲೆ ಪಾಯಕ್ಕೆ ತುಂಬುವ ಕಲ್ಲು ಬರಲಿಲ್ಲ. ಕ್ವಾರಿ ಬಂದ್ ಆಗಿದೆ, ಇವತ್ತು ಶುರುವಾಗುತ್ತದೆ, ನಾಳೆ ಶುರುವಾಗುತ್ತದೆ ಎಂದು ಲಾರಿಯವನು ಹೇಳುತ್ತಲೇ ಇದ್ದ. ಮೇಲೆ ಮೋಡ ಕಟ್ಟತೊಡಗಿತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ, ತೋಡಿದ ಪಾಯ ಒಂದೇ ಹೊಡೆತಕ್ಕೆ ಕೆರೆಯಾಗುತ್ತದೆ. ಗೌಂಡಿ ಬೀಡಿ ಸೇದುತ್ತ ಅಂಗಳದಲ್ಲಿ ಕೂತಿದ್ದವನು ಅಣ್ಣನ ಮೂರು ರಾಶಿಯ ಕಡೆ ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ.

"ಅಕ್ಕಾ, ಇದೆಲ್ಲ ಎಂತಕೆ ಇಟ್ಕೊಂಡಿದ್ದೀರಿ?" ಅಂದ.

ಕಲ್ಲು ತಾನೇ, ಗುಡ್ಡದ ತುಂಬ ಬಿದ್ದಿದೆ, ಮತ್ತೆ ಹೆಕ್ಕಿದರಾಯಿತು, ಅವನಿಗೇ ಕೋಣೆಯಲ್ಲವೇ ಎಂದುಕೊಂಡೆ. ತೆಗೆದುಕೋ ಅಂದೆ. ಅಷ್ಟು ಹೇಳಿ ಒಳಗೆ ಹೋಗಿದ್ದರೆ ಪಾಪ ಅರ್ಧವಾದರೂ ಕಡಿಮೆಯಾಗುತ್ತಿತ್ತು. ಹೋಗಲಿಲ್ಲ. ಪಾಯದ ದಂಡೆಗೆ ನಿಂತು ಅಧಿಕಾರ ಮಾಡಿದೆ. ಆ ಕಾಳುಕಾಳಿನ ಅಗ್ನಿಶಿಲೆ ತಳಕ್ಕೆ ಹಾಕು, ಭಾರ ತಡೆಯುತ್ತದೆ. ಈ ಗೆರೆಗೆರೆಯದ್ದು ಅದರ ಮೇಲೆ. ಬಾದಾಮಿ ಕಡೆಯಿಂದ ತಂದ ಮರಳುಗಲ್ಲು ಪದರ ಬಿಡುತ್ತದೆ, ಅದನ್ನು ಮೇಲ್ಗಡೆ ಸಂದಿಗೆ ತುಂಬು. ಗೌಂಡಿ ಬೆರಗಾಗಿ, ನೀವು ಇಂಜಿನಿಯರ್ ಆಗಬೇಕಾಗಿತ್ತು ಅಕ್ಕಾ ಅಂದ. ಏಳನೇ ಇಯತ್ತೆಯವಳಿಗೆ ಇದಕ್ಕಿಂತ ಇನ್ನೇನು ಬೇಕು? ಉಬ್ಬಿಹೋದೆ! ಅಡಿಗೆಮನೆಯ ಬಾಗಿಲಲ್ಲಿ ಕೂತು ಅಣ್ಣ ಕಲಿಸಿದ ವಿದ್ಯೆಯನ್ನೆಲ್ಲ ಅಣ್ಣನ ಕಲ್ಲು ಹೂಳುವುದಕ್ಕೇ ಬಳಸಿದೆ.

ಕೋಣೆ ಎದ್ದಿತು. ನೆಲಕ್ಕೆ ಟೈಲ್ಸ್ ಬಿತ್ತು. ಅಣ್ಣ ಊರುಗೋಲು ಹಿಡಿದು ಬಂದ. ಹೊಸ ಕೋಣೆ ನೋಡಿ ಮಗುವಿನ ಹಾಗೆ ಗೋಡೆ ಸವರಿದ. ಮಂಚದ ಮೇಲೆ ಕೂತು, ಕೋಣೆ ಎಷ್ಟು ತಂಪಾಗಿದೆ, ಪಾಯ ಗಟ್ಟಿ ಇರಬೇಕು ಅಂದ. ಆಮೇಲೆ ಅಂಗಳದ ಕಡೆ ಕುತ್ತಿಗೆ ಚಾಚಿ ಕೇಳಿದ.

"ನನ್ನ ಕಲ್ಲು ಎಲ್ಲಿ ತಂಗಿ?"

"ಮಳೆ ಬಂತಲ್ಲ, ಗೋಣಿಗೆ ತುಂಬಿ ಹಿತ್ತಲಲ್ಲಿ ತಾಡಪತ್ರಿ ಹೊದೆಸಿ ಇಟ್ಟಿದ್ದೇನೆ" ಅಂದೆ.

ಹಿತ್ತಲಿಗೆ ಮೆಟ್ಟಿಲಿಳಿದು ಹೋಗಬೇಕು. ಮಳೆಗಾಲ ಮುಗಿಯುವ ತನಕ ಮೆಟ್ಟಿಲು ಇಳಿಯಬಾರದೆಂದು ಡಾಕ್ಟರರ ಆಜ್ಞೆ. ಅಷ್ಟರೊಳಗೆ ಏನಾದರೂ ಮಾಡಿದರಾಯಿತೆಂದು ನನ್ನ ಧೈರ್ಯ. ಅಣ್ಣ, ನಿನಗೆ ಪುಣ್ಯ ಬರಲಿ ಎಂದು ಹರಸಿದ. ಮರುದಿನ ಬೆಳಿಗ್ಗೆ ಚಾ ಕುಡಿದವನೇ, ಹೊತ್ತು ಹೋಗುವುದಿಲ್ಲ, ಆ ಕಂದು ಕಲೆಯ ಬೆಣಚುಕಲ್ಲು ಒಂದು ತಂದುಕೊಡು ಅಂದ.

ಎಲ್ಲಿಂದ ತರುವುದು? ಟೈಲ್ಸ್ ಒಡೆದೇ? ಹಾಲು ತರುವ ನೆಪ ಹೇಳಿ ರಸ್ತೆಗೆ ಓಡಿದೆ. ಬೆಣಚುಕಲ್ಲು ಬಿಳಿಯಾಗಿರುತ್ತದೆಂದು ಗೊತ್ತಿತ್ತು. ಒಂದು ಸಿಕ್ಕಿತು, ಕಲೆಯೂ ಇತ್ತು. ಸೀರೆಯ ಸೆರಗಿಗೆ ಒರೆಸಿ ತಂದುಕೊಟ್ಟೆ. ಅಣ್ಣ ತಿರುಗಿಸಿ ತಿರುಗಿಸಿ ನೋಡಿದ. ನೆಕ್ಕಿದ. ಭೂತಗನ್ನಡಿ ಹಿಡಿದ. "ಹಾಂ" ಅಂದ. ಗೆದ್ದೆ ಅಂದುಕೊಂಡೆ.

ಗೆದ್ದವಳ ಪಾಡು ಕೇಳಿ. ಅಣ್ಣನಿಗೆ ದಿನಕ್ಕೊಂದು ಕಲ್ಲು ಬೇಕಾಯಿತು. ಕಪ್ಪು ಬಿಳಿ ಪಟ್ಟೆಯದ್ದು. ಹಸಿರು ಛಾಯೆಯದ್ದು. ಅಭ್ರಕ ಮಿನುಗುವುದು. ನಾನು ಮೀನು ತರುವ ನೆಪದಲ್ಲಿ ಬೆಳಂಬಾರದ ದಂಡೆಗೆ ಹೋಗಿ, ಅಲೆ ಹಿಂದೆ ಸರಿದಾಗ ಬಂಡೆಗಳ ನಡುವೆ ಬಗ್ಗಿ ಹುಡುಕತೊಡಗಿದೆ. ಮೇಲೆ ಬಂಗಡೆ, ಕೆಳಗೆ ಕಲ್ಲು ಇಟ್ಟ ಚೀಲ ಹೊತ್ತು ಬರುವಾಗ ಎದುರಾದವರು, ಇಷ್ಟೊಂದು ಮೀನು ಯಾರಿಗೆ, ಮನೆಯಲ್ಲಿ ಏನು ವಿಶೇಷ ಎಂದು ವಿಚಾರಿಸುತ್ತಿದ್ದರು. ಒಮ್ಮೆ ಅಣ್ಣ ಕಲ್ಲು ನೆಕ್ಕಿದವನು ಮುಖ ಕಿವುಚಿದ.

"ಈ ಕಲ್ಲಿಗೆ ಬಂಗಡೆ ವಾಸನೆ ಬರ್ತದಲ್ಲೇ."

"ಬೆಕ್ಕು. ಗೋಣಿ ಮೇಲೆ ಕೂತ್ಕೊಂಡೇ ತಿಂತದೆ ಅದು" ಅಂದೆ.

"ಹೌದಾ" ಎಂದು ಮತ್ತೊಮ್ಮೆ ನೆಕ್ಕಿ, "ಇರ್ಲಿ ಬಿಡು, ಇದೂ ಒಂದು ಪದರ" ಅಂದ.

ಸುಳ್ಳಿನಲ್ಲಿ ಒಂದು ತೊಂದರೆ ಇದೆ ನೋಡಿ. ಸರಿಯಾಗಿ ಸುಳ್ಳು ಹೇಳಬೇಕಾದರೆ ವಿಷಯ ಸರಿಯಾಗಿ ಗೊತ್ತಿರಬೇಕು. ಪಟ್ಟೆ ಇದ್ದ ಮಾತ್ರಕ್ಕೆ ಪದರಗಲ್ಲಲ್ಲ, ಕಾವು ಒತ್ತಡದಲ್ಲಿ ಒಳಗಿನ ಕಾಳುಗಳು ಸಾಲು ಕಟ್ಟಿದರೂ ಪಟ್ಟೆ ಬರುತ್ತದೆ. ಹೊಳೆದದ್ದೆಲ್ಲ ಅಭ್ರಕವಲ್ಲ. ಇದೆಲ್ಲ ತಪ್ಪಿದರೆ ಸಿಕ್ಕಿಬೀಳುತ್ತೇನಲ್ಲ! ಹಾಗಾಗಿ ಊಟ ಬಡಿಸುವಾಗ ಅಣ್ಣನನ್ನೇ ಕೇಳುತ್ತಿದ್ದೆ, ಹುಡುಕುವಾಗ ನೆನೆಸಿಕೊಳ್ಳುತ್ತಿದ್ದೆ. ಬರಬರುತ್ತ ಬೇರೆ ಅಭ್ಯಾಸವೇ ಹಿಡಿಯಿತು. ಬಸ್ಸಿನಲ್ಲಿ ಕೂತರೆ ಕಣ್ಣು ಗುಡ್ಡ ಕೊರೆದ ಗೋಡೆಯ ಮೇಲೆ. ಮೀನುಪೇಟೆಯಲ್ಲಿ ಒಬ್ಬಳು ಬುಟ್ಟಿಯ ಮುಚ್ಚಳ ಹಾರದಂತೆ ಇಟ್ಟ ಕಲ್ಲನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನಿಂತುಬಿಟ್ಟಿದ್ದೆ. ಅವಳು, ತಾರ್ಲೆ ಮೀನು ಬೇಕಾ ಕಲ್ಲು ಬೇಕಾ ಬೇಗ ಹೇಳು ಮಾರಾಯ್ತಿ ಅಂದಳು. ಒಂದು ದಿನ ಯಾರೂ ಇಲ್ಲದಾಗ ದಂಡೆಯಲ್ಲಿ ನಾನೂ ನೆಕ್ಕಿ ನೋಡಿದೆ. ಬರೇ ಉಪ್ಪು. ಆದರೆ ಒದ್ದೆಯಾದ ಕಲ್ಲಿನಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಎದ್ದು ಬಂತು, ಬಸಳೆ ದಂಟಿನ ಹಾಗೆ. ಇಷ್ಟು ವರ್ಷ ಇದೇ ದಂಡೆಯಲ್ಲಿ ಓಡಾಡಿದವಳು ಎಲ್ಲಿ ನೋಡುತ್ತಿದ್ದೆನೋ!

ಮಳೆ ಹಿಂದೆ ಸರಿಯಿತು. ಅಣ್ಣನ ಕಾಲು ಗಟ್ಟಿಯಾಗುತ್ತ ಬಂತು. ಒಂದು ಮಧ್ಯಾಹ್ನ ಅವನ ಊಟದ ತಟ್ಟೆ ಎತ್ತಲು ಹೋದಾಗ ಹೇಳಿದ.

"ತಂಗಿ, ಇವತ್ತು ಬಾವಿಕಲ್ಲು ತಗೊಂಡ್ಬಾ. ಭಾರ ಅದೆ, ನಿನ್ನ ಗಂಡನ ಹತ್ರ ಹಿಡಿಸ್ಕೋ."

ಯಾವ ಬಾವಿಕಲ್ಲು ಅಂದೆ.

"ಚೆಂಡಿಯಾದ್ದು ಮಾರಾಯ್ತಿ. ಆಯಿ ನೀರು ಸೇದುವಾಗ ನಿಂತ್ಕೊಳ್ತಿದ್ದ ಕಲ್ಲು."

ಆಯಿ ನಮ್ಮಿಬ್ಬರನ್ನೂ ಹೆತ್ತದ್ದು ಚೆಂಡಿಯಾದಲ್ಲಿ. ನಮ್ಮ ಗದ್ದೆ ಮನೆ ಎಲ್ಲ ನೌಕಾನೆಲೆಗೆ ಹೋಯಿತು. ಆಗ ನಾನು ಏಳನೇ ಇಯತ್ತೆ, ಹೊಸ ಜಾಗದಿಂದ ಶಾಲೆ ದೂರವಾಯಿತೆಂದೇ ನನ್ನ ಓದು ನಿಂತದ್ದು. ಊರು ಬಿಡುವ ದಿನ ಎಲ್ಲರೂ ಹಂಚು, ಮಾಡಿನ ಪಕಾಸು, ಬಾಗಿಲು ಕಿತ್ತು ಗಾಡಿಗೆ ಹೇರುತ್ತಿದ್ದರು. ಅಣ್ಣ ಮಾತ್ರ ಬಾವಿಕಟ್ಟೆಯ ಕಪ್ಪು ಚಪ್ಪಡಿ ಕಲ್ಲನ್ನು ಎಬ್ಬಿಸಿ ತಂದು ಗಾಡಿಯಲ್ಲಿಟ್ಟ. ಆಯಿಯ ಕಾಲು ತಾಗಿ ತಾಗಿ ಅದರ ನಡುವೆ ಸ್ವಲ್ಪ ತಗ್ಗಾಗಿ ನುಣ್ಣಗಾಗಿತ್ತು. ಅಪ್ಪ ಬೈದರು. ಆಯಿ ಗಾಡಿಯಲ್ಲಿ ಅದರ ಪಕ್ಕ ಕೂತಳು. ಆಯಿ ಈಗಿಲ್ಲ. ಆ ಬಾವಿಯ ಹತ್ತಿರ ಹೋಗೋಣವೆಂದರೆ ನಡುವೆ ಕಾಂಪೌಂಡು ಗೋಡೆ.

ನನಗೆ ಎಲ್ಲ ನೆನಪಾಯಿತು. ಜೊತೆಗೆ ಇನ್ನೊಂದೂ ನೆನಪಾಯಿತು. ಪಾಯ ತುಂಬುವ ದಿನ ಗೌಂಡಿ ರಾಶಿಯ ಅಡಿಯಿಂದ ಒಂದು ಕಪ್ಪು ಚಪ್ಪಡಿ ಎಳೆದು, ಇದು ಚಪ್ಪಟೆ ಅದೆ, ಬಟ್ಟೆ ಒಗೆಯಲಿಕ್ಕೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ್ದ. ಬೇಡ, ನಮ್ಮಲ್ಲಿ ಮಶೀನು ಅದೆ ಎಂದು ನಾನು ಹೇಳಿದ್ದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು. ಕೆಸರು ಮೆತ್ತಿತ್ತು, ಮಗುಚಿ ಬಿದ್ದಿತ್ತು, ಎಲ್ಲ ನಿಜ. ಆದರೆ ನಾನು ಬಗ್ಗಿ ನೋಡಲಿಲ್ಲ.

ಆ ಕಲ್ಲಿಗೆ ಸುಳ್ಳು ಕಲ್ಲು ಎಲ್ಲಿಂದ ತರಲಿ? ತಟ್ಟೆ ಕೈಯಲ್ಲಿ ಹಿಡಿದೇ ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ. ಕ್ವಾರಿ, ಮೋಡ, ಗೌಂಡಿ, ಬೆಳಂಬಾರ, ಬೆಕ್ಕು. ಮಶೀನಿನ ಮಾತನ್ನೂ ಮುಚ್ಚಿಡಲಿಲ್ಲ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

"ಬೆಣಚುಕಲ್ಲು ತಂದ ದಿನವೇ ಗೊತ್ತಾಯ್ತು" ಅಂದ. ತನ್ನ ಒಂದೊಂದು ಕಲ್ಲಿಗೂ ಅವನು ಸುತ್ತಿಗೆಯಿಂದ ಒಂದು ಮೂಲೆ ಒಡೆದು ಒಳಗಿನ ಮುಖ ನೋಡಿರುತ್ತಾನಂತೆ. ನಾನು ತಂದದ್ದಕ್ಕೆ ಒಡೆದ ಮೂಲೆ ಇರಲಿಲ್ಲ. ದಂಡೆಯವಕ್ಕಂತೂ ಮೂಲೆಯೇ ಇರಲಿಲ್ಲ.

ಮತ್ತೆ ಯಾಕೆ ಹೇಳಲಿಲ್ಲ, ಯಾಕೆ ನನ್ನನ್ನು ಹಾಗೆ ಓಡಾಡಿಸಿದೆ ಎಂದು ಕೇಳಿದೆ. ಕೇಳಲು ನನಗೆ ಯಾವ ಮುಖ! ಆದರೂ ಕೇಳಿದೆ.

"ನೀ ಕಲ್ಲು ನೋಡ್ಲಿಕ್ಕೆ ಶುರು ಮಾಡಿದ್ಯಲ್ಲೇ. ಆ ಹಸಿರು ಕಲ್ಲು ತಂದ್ಯಲ್ಲ, ಅಂಥದ್ದು ನನಗೇ ಸಿಕ್ಕಿರಲಿಲ್ಲ." ಭೂತಗನ್ನಡಿಯನ್ನು ಕಿಸೆಗೆ ಹಾಕಿದ. "ಉಳಿದದ್ದು ಹೋದ್ರೆ ಹೋಯ್ತು. ಅದೊಂದನ್ನ ಮಾತ್ರ ನೀ ಎತ್ತಿ ಇಟ್ಟಿರ್ತೀ ಅಂತ ಅಂದ್ಕೊಂಡಿದ್ದೆ."

ಅವನು ಅದನ್ನು ಬೇಸರದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದ. ಮೂರು ರಾಶಿ ಕಲ್ಲು ಹೂತದ್ದಕ್ಕೆ ಏನಾದರೊಂದು ನೆಪ ಹೇಳಬಹುದು. ಆಯಿ ನಿಂತ ಕಲ್ಲು ಎದುರಿಗೆ ಬಂದಾಗ ಗುರುತು ಹಿಡಿಯದೆ ಹೋದದ್ದಕ್ಕೆ ಏನು ಹೇಳಲಿ?

ಅಣ್ಣ ಊರುಗೋಲು ಕೇಳಿದ. ಹಿಡಿದು ಎದ್ದು, ಎಲ್ಲಿ ಹಾಕಿದ್ದಾರೆಂದು ಗೊತ್ತದೆಯೋ ಅಂದ. ಅದೊಂದು ಗೊತ್ತಿತ್ತು. ಚಪ್ಪಟೆಯಾದ್ದರಿಂದ ಗೌಂಡಿ ಅದನ್ನು ಬಾಗಿಲಿನ ಬಲಗಡೆಯ ಮೂಲೆಗೆ, ಎಲ್ಲದರ ಮೇಲೆ ಕೂರಿಸಿದ್ದ. ಅಣ್ಣ ಅಲ್ಲಿಯವರೆಗೆ ಕುಂಟುತ್ತ ಹೋಗಿ ಊರುಗೋಲಿನಿಂದ ಟೈಲ್ಸು ಕುಟ್ಟಿದ. ಇಲ್ಲಿಯೋ ಎಂದು ಕೇಳಿದ. ಇನ್ನೂ ಸ್ವಲ್ಪ ಈಚೆ, ಅಂದೆ. ಅವನು ಬದಿಗೆ ಸರಿದ.

"ಹಾಂಗಾದ್ರೆ ನಿಂತ್ಕೋ ನೋಡ್ವಾ. ಆಯಿ ನಿಂತ್ಕೊಳ್ತಿದ್ದ ಹಾಂಗೆ."

ನನಗೆ ನಗು ಬಂತು. ಎದ್ದು ಹೋಗಿ ನಿಂತೆ. ಹಾಗಲ್ಲ, ಆಯಿ ಬಲಗಾಲು ಮುಂದಿಡುತ್ತಿದ್ದಳು ಅಂದ. ಇಟ್ಟೆ. ಸೀರೆ ಸ್ವಲ್ಪ ಎತ್ತಿ ಸಿಕ್ಕಿಸಬೇಕು ಅಂದ. ಸಿಕ್ಕಿ‌ಸಿದೆ. ಈಗ ಸೇದು ಅಂದ. ಹೊಳೆಯುವ ಟೈಲ್ಸಿನ ಮೇಲೆ ನಿಂತು, ಇಲ್ಲದ ಬಾವಿಯಿಂದ, ಇಲ್ಲದ ಹಗ್ಗ ಹಿಡಿದು, ಒಂದು ಕೈಯ ಮೇಲೊಂದು ಕೈಯಾಗಿ ಎಳೆಯತೊಡಗಿದೆ. ಅಣ್ಣ ಗೋಡೆಗೆ ಒರಗಿ ನೋಡುತ್ತಿದ್ದ.

ಅಷ್ಟರಲ್ಲಿ ನಮ್ಮ ಮನೆಯವರು ಸೊಸೈಟಿಯಿಂದ ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತರು. ನನ್ನನ್ನು ನೋಡಿದರು. ಅಣ್ಣನನ್ನು ನೋಡಿದರು.

"ಭಾವ, ಇವಳಿಗೂ ಹಿಡೀತಾ?"

ಅಣ್ಣ ಅವರಿಗೆ ಸುಮ್ಮನಿರಲು ಕೈಸನ್ನೆ ಮಾಡಿ, ನನ್ನ ಕಡೆ ತಿರುಗಿ, "ನಿಲ್ಲಿಸ್ಬೇಡ ತಂಗಿ, ಕೊಡ ಇನ್ನೂ ಮೇಲೆ ಬರಲಿಲ್ಲ" ಅಂದ.

ನಾನು ಎಳೆಯುತ್ತಲೇ ಇದ್ದೆ. ನೀವು ನಂಬಿದರೆ ನಂಬಿ, ಹಗ್ಗ ಭಾರವಾಗಿತ್ತು.